ನೋಯದ ಕಾಲಿನ ಶೂ

ಚಪ್ಪಲಿ ರಿಪೇರಿಯವನಿಗೆ ಒಂದು ಚಾಳಿಯಿತ್ತು. ಯಾರೇ ಶೂ ತಂದರೂ ಮೊದಲು ಮಗುಚಿ ಅಟ್ಟೆ ನೋಡುವುದು. ಮುಖ ಸುಳ್ಳು ಹೇಳೀತು, ಅಟ್ಟೆ ಹೇಳದು ಎಂಬುದು ಅವನ ನಂಬಿಕೆ. ನೋಯುವ ಕಾಲನ್ನು ಯಾರೂ ಊರಿ ತುಳಿಯುವುದಿಲ್ಲ. ಹಾಗಾಗಿ ಆ ಕಾಲಿನ ಶೂ ಕಡಿಮೆ ಸವೆಯುತ್ತದೆ.

ಅದಕ್ಕೇ ತಂಗಿಯ ಮಗಳ ಶೂ ಅವನ ತಲೆ ತಿನ್ನತೊಡಗಿತು. ಹದಿನಾರರ ಹುಡುಗಿ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ನಿಂತಲ್ಲಿ ನಿಲ್ಲದ್ದಕ್ಕೆ ಮನೆಯಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಎರಡು ತಿಂಗಳ ಹಿಂದೆ ಬಲಗಾಲು ಉಳುಕಿ ಕುಂಟುತ್ತಿದ್ದಾಗ ಇವನೇ ಎರಡಕ್ಕೂ ಹೊಸ ಅಟ್ಟೆ ಹಾಕಿಕೊಟ್ಟಿದ್ದ. ಈಗ ನೋಡಿದರೆ ಎಡದ್ದು ಹಾಗೇ ಇದೆ. ಬಲದ್ದರ ಹೊರ ಅಂಚು ತೂತು ಬೀಳುವಷ್ಟು ಸವೆದು, ಪಕ್ಕದ ಹೊಲಿಗೆ ಬಿರಿದಿದೆ.

"ಬೇಗ ಮಾಡ್ಕೊಡಿ ಮಾವ. ನಾಡಿದ್ದು ಫೈನಲ್."

"ಕಾಲು ಹೇಗಿದೆಯೇ?"

"ಫಸ್ಟ್ ಕ್ಲಾಸ್! ನೋವೇ ಇಲ್ಲ."

"ಹಾಗಾದ್ರೆ ಇದರ ಮೇಲೆ ನಿಲ್ಲು."

ನೆಲಕ್ಕೆ ಕಾಗದ ಹಾಸಿ, ಅವಳ ಎರಡೂ ಪಾದದ ಸುತ್ತ ಪೆನ್ಸಿಲ್ ಓಡಿಸಿದ. ಬಲಪಾದ ಎಡಕ್ಕಿಂತ ಒಂದು ಬೆರಳು ಅಗಲ ಬಂತು. ಹಿಮ್ಮಡಿಯ ಪಕ್ಕದ ಊತವನ್ನು ಹೆಬ್ಬೆರಳಿನಿಂದ ಒತ್ತಿದ. ಹುಡುಗಿ ಆಕಳಿಸಿದಳು.

ಅವನಿಗೆ ಸೋಜಿಗವಾಯಿತು. ವಾಸಿಯಾದ ಕಾಲು ಊದುವುದಿಲ್ಲ, ವಾಸಿಯಾಗದ ಕಾಲು ಸುಮ್ಮನಿರುವುದಿಲ್ಲ. ಇದು ಎರಡೂ ಅಲ್ಲ.

"ನಾನು ಬಯ್ಯಲ್ಲ ಕಣೇ. ನಂಗೆ ತಿಳ್ಕೋಬೇಕು ಅಷ್ಟೆ. ಈ ಕಾಲಿನ ಬಾಯಿಗೆ ಬೀಗ ಹಾಕಿದ್ದು ಯಾವುದು?"

"ನೀವೇನು ಡಾಕ್ಟರಾ? ಹೊಲಿಯೋದು ಬಿಟ್ಟು..." ಎಂದವಳು ಅವನ ಮುಖ ನೋಡಿ ತಗ್ಗಿದಳು. "ಅಜ್ಜಿ ಮಾತ್ರೆ."

ಅಜ್ಜಿಯ ಸೊಂಟದ ಆಪರೇಷನ್ ಆದಾಗ ನೋವಿಗೆಂದು ಡಾಕ್ಟರು ಬರೆದುಕೊಟ್ಟದ್ದು. ತಂದವನೂ ಇವನೇ. ಅಜ್ಜಿ ನಾಲ್ಕು ದಿನ ನುಂಗಿ, ಮಂಪರು ಜಾಸ್ತಿ ಎಂದು ಬಿಟ್ಟು, ಎಸೆಯಲು ಮನಸ್ಸಾಗದೆ ಉಳಿದ ಮಾತ್ರೆ ಪಟ್ಟಿಗಳನ್ನೆಲ್ಲ ಬೀರುವಿನಲ್ಲಿ ಸೀರೆಯ ಕೆಳಗಿಟ್ಟಿದ್ದಳು. ಒಳ್ಳೆಯ ಔಷಧಿ, ಯಾವಾಗಲಾದರೂ ಬೇಕಾಗುತ್ತದೆ ಎಂದು ಆಗ ತಲೆಯಾಡಿಸಿದವನೂ ಇವನೇ.

"ಮ್ಯಾಚ್ ದಿನ ಒಂದೇ ತಗೋತಿದ್ದೆ ಮಾವ. ಆಮೇಲೆ ಪ್ರ್ಯಾಕ್ಟೀಸಿಗೂ. ಆಮೇಲೆ ಪರೀಕ್ಷೆಗೆ ಹೆದರಿಕೆ ಆದಾಗ್ಲೂ. ಮಜಾ ಅಂದ್ರೆ, ಹೆದರಿಕೇನೂ ಹೋಗತ್ತೆ! ಟೀಮಲ್ಲಿ ಇನ್ನಿಬ್ಬರಿಗೂ ಕೊಟ್ಟೆ."

"ತಗೊಳ್ದೇ ಇದ್ದ ದಿನ?"

ಹುಡುಗಿ ಕಾಗದದ ಮೇಲಿನ ಪಾದಗಳನ್ನೇ ನೋಡಿದಳು. "ಬೆವರು ಕಿತ್ಕೊಂಡು ಬರತ್ತೆ. ಮೈಯೆಲ್ಲ ನಡುಕ. ಬಿಡೋಣ ಅಂತ ಎರಡು ಸಲ ನೋಡ್ದೆ, ಆಗ್ಲಿಲ್ಲ." ನಂತರ ಧಡಕ್ಕನೆ, "ಅಮ್ಮಂಗೆ ಹೇಳ್ಬೇಡಿ. ಫೈನಲ್ ಒಂದು ಮುಗೀಲಿ."

ಬೆದರಿದ ಕರುವಿನ ಹಿಂದೆ ಓಡಬಾರದು ಎಂದು ಅವನಿಗೆ ಗೊತ್ತು. ಸೂಜಿಗೆ ದಾರ ಪೋಣಿಸಿದ. ಆಮೇಲೆ ಸೂಜಿಯನ್ನು ಪಕ್ಕಕ್ಕಿಟ್ಟ.

"ಈ ಶೂ ನಾನು ಹೊಲಿಯಲ್ಲ."

"ಮಾವ!"

"ಅಮ್ಮಂಗೂ ನಾನು ಹೇಳಲ್ಲ. ನೀನೇ ಹೇಳ್ತೀಯ, ನಾನು ಪಕ್ಕದಲ್ಲಿ ಕೂತಿರ್ತೀನಿ. ನಿನ್ನಷ್ಟಕ್ಕೆ ನೀನೇ ಬಿಡೋಕೂ ಹೋಗ್ಬೇಡ, ಡಾಕ್ಟರ್ ಹತ್ರ ಕೇಳಿ ಬಿಡೋಣ. ಆ ಇಬ್ಬರು ಹುಡುಗೀರ ಮನೇಗೂ ಗೊತ್ತಾಗ್ಬೇಕು. ಮಾತ್ರೆನ ಬೀರುವಲ್ಲಿ ಇಡೋಕೆ ಬಿಟ್ಟ ತಪ್ಪು ನಂದು ಅಂತ ಮೊದಲು ನಾನೇ ಒಪ್ಕೋತೀನಿ, ಬಯ್ಗುಳದಲ್ಲಿ ಅರ್ಧ ನಂಗೆ."

"ಅಮ್ಮನ ಬಯ್ಗುಳ ನಿಮಗೆ ಗೊತ್ತಿಲ್ಲ."

"ಅವಳಿಗೆ ಬಯ್ಯೋಕೆ ಕಲಿಸಿದ್ದೇ ನಾನು ಕಣೇ."

ಹುಡುಗಿ ನಗಲು ಹೋಗಿ ಅತ್ತುಬಿಟ್ಟಳು. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಫೋನನ್ನು ಅವಳ ಮುಂದಿಟ್ಟ. ಕೊನೆಗೆ ಅವಳೇ ನಂಬರ್ ಒತ್ತಿದಳು.

"ಅಮ್ಮಾ, ಮಾವನ ಅಂಗಡಿಗೆ ಬರ್ತೀಯಾ? ಹೂಂ, ಈಗ್ಲೇ. ಇಲ್ಲ, ಬಿದ್ದಿಲ್ಲ. ಬಾ, ಹೇಳ್ತೀನಿ."