ಹಿಂದಕ್ಕೆ ನಡೆದ ಗಂಜಿ

ನಮ್ಮ ಸೇಸಮ್ಮ ಚಿಕ್ಕಮ್ಮನದು ಮಂತ್ರದ ಗಡಿಗೆಯೆಂದು ಬಂಟ್ವಾಳಕ್ಕೆಲ್ಲ ಗೊತ್ತಿತ್ತು. ದಿನಕ್ಕೊಮ್ಮೆ, ಬೆಳಿಗ್ಗೆ, ಅದರ ತುಂಬ ಕುಚ್ಚಲಕ್ಕಿ ಗಂಜಿ ತಾನಾಗಿ ಏಳುತ್ತಿತ್ತು. ಮಂತ್ರದ ಊಟ ಹಳಸುವುದಿಲ್ಲ, ನಾರುವುದಿಲ್ಲ. ಅದು ಕೆಡುವುದೆಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು. ಉಳಿದ ಗಂಜಿ ರಾತ್ರಿಯೊಳಗೆ ಅಕ್ಕಿಯಾಗಿ, ಭತ್ತವಾಗಿ, ಹಸಿರು ಕಾಳಾಗಿ, ಕೊನೆಗೆ ಏನೂ ಇಲ್ಲದಾಗುತ್ತದೆ. ಇನ್ನೊಬ್ಬರ ಕೈ ಸೇರಿದರೆ ಮಾತ್ರ ಕೆಡುವುದು ಅಲ್ಲಿಗೆ ನಿಲ್ಲುತ್ತದೆ. ಕೆಡಲು ಬಿಡುವುದು ಗಡಿಗೆಯವಳಿಗೆ ಅವಮಾನ. ಯಾರನ್ನೋ ಹಸಿದ ಹೊಟ್ಟೆಯಲ್ಲೇ ಕಳಿಸಿದಳೆಂದು ಅರ್ಥ.

ಐವತ್ತರ ದಶಕದ ಒಂದು ಜೂನ್‌ನಲ್ಲಿ ನೇತ್ರಾವತಿ ಉಕ್ಕಿ, ಕೆಳಗಿನ ಮನೆಯವರೆಲ್ಲ ನಮ್ಮ ಜಗಲಿಗೆ ಬಂದರು. ನೆರೆಮನೆಯ ಅವ್ವಮ್ಮನ ಬಿತ್ತನೆ ಭತ್ತ ಹೊಳೆಪಾಲಾಗಿತ್ತು. ಗಂಡನಿಲ್ಲದ ಅವಳಿಗೆ ಗದ್ದೆಯೇ ವರ್ಷದ ಅನ್ನ. ಬಿತ್ತುವ ಕಾಲ ಮೀರುತ್ತಿತ್ತು.

"ಸೇಸಮ್ಮಕ್ಕ, ಕೇಳಲಿಕ್ಕೆ ನಾಚಿಕೆ ಆಗ್ತದೆ," ಎಂದಳು ಅವ್ವಮ್ಮ. "ಇವತ್ತು ಸ್ವಲ್ಪ ಗಂಜಿ ಹಾಳಾಗಲಿಕ್ಕೆ ಬಿಡ್ತೀರಾ? ಭತ್ತ ಆಗುವಾಗ ನಾನು ತಕೊಳ್ತೇನೆ."

ಚಿಕ್ಕಮ್ಮನ ಮುಖ ಕೆಂಪಾಯಿತು. "ಇಷ್ಟು ಜನ ಉಣ್ಣಲಿಕ್ಕೆ ಕೂತಿರುವಾಗಲಾ?"

ದೋಣಿಯ ಮಾಯಿಲಪ್ಪ ಹಿಂದಿನ ದಿನದಿಂದ ಜನರನ್ನು ದಾಟಿಸಿ ದಣಿದಿದ್ದ. ಅವನು ಹೊಟ್ಟೆ ತಡವಿಕೊಂಡ. "ನನಗೆ ಹೊಟ್ಟೆ ಉಬ್ಬರ ಮಾರಾಯ್ರೆ. ನನ್ನದು ಅರ್ಧ ಸಾಕು."

"ನನಗೂ ಅದೇ ಉಬ್ಬರ," ಎಂದಳು ಅವನ ಹೆಂಡತಿ ಕಾಂತಿ. "ಇವರದ್ದೇ ಅಂಟಿದ್ದು."

ಜಗಲಿಯಲ್ಲಿ ನಗು ಎದ್ದಿತು. ಎಲ್ಲರಿಗೂ ಒಂದೊಂದು ಉಬ್ಬರ ಬಂತು. ಗಡಿಗೆಯ ಕಾಲುಭಾಗ ಉಳಿಯಿತು.

ಸಂಜೆಯ ಹೊತ್ತಿಗೆ ತಿಳಿ ಇಂಗಿ, ಅಗುಳು ಗಟ್ಟಿಯಾಗಿ, ಮೇಲೆ ಹೊಟ್ಟು ಮೂಡಿತು. "ಭತ್ತ ಆಯ್ತು!" ಅವ್ವಮ್ಮ ಗೆರಸೆ ಒಡ್ಡಿ ಕೈ ಹಾಕಲು ಹೋದಳು.

ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದಳು. "ಹಬೆ ಕಾಣುವುದಿಲ್ವಾ? ಕುಚ್ಚಲಕ್ಕಿ ಅಂದ್ರೆ ಭತ್ತವನ್ನೇ ಬೇಯಿಸಿ ಕುಟ್ಟಿದ್ದು. ಇದು ಬೆಂದ ಭತ್ತ, ಮೊಳೆಯುವುದಿಲ್ಲ. ಇನ್ನೂ ಹಿಂದಕ್ಕೆ ಹೋಗಲಿ."

"ಹೋಗಿ ಹೋಗಿ ಹಸಿರಾದ್ರೆ?"

"ನಾನು ಕೂತಿದ್ದೇನಲ್ಲ."

ಇಬ್ಬರೂ ಗಡಿಗೆಯ ಮೇಲೆ ತಲೆ ಬಗ್ಗಿಸಿ ಕೂತರು. ಹಬೆ ಅಡಗಿತು. ಭತ್ತದ ತೇವ ಆರಿತು, ಹೊಂಬಣ್ಣ ಬಂತು. ಚಿಕ್ಕಮ್ಮ ಒಂದು ಕಾಳನ್ನು ಕಟಕ್ಕೆಂದು ಕಚ್ಚಿದಳು. "ಹಿಡಿ!" ಎಂದು ಗಡಿಗೆಯನ್ನೇ ಬೋರಲು ಹಾಕಿದಳು. ತಳದ ಒಂದು ಹಿಡಿ ಆಗಲೇ ಹಸಿರಾಗಿತ್ತು; ಉಳಿದದ್ದು ಅವ್ವಮ್ಮನ ಕೈ ಸೇರಿತು.

ನೆರೆ ಇಳಿದ ಮೇಲೆ ಅವ್ವಮ್ಮ ಅದನ್ನು ಬಿತ್ತಿದಳು. ಮೊಳಕೆ ಕಂಡ ದಿನ ಚಿಕ್ಕಮ್ಮ ಗದ್ದೆಯ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಎಲೆಯನ್ನು ಮೆಲ್ಲನೆ ಮುಟ್ಟಿದಳು.

"ಮುಂದಕ್ಕೇ ಹೋಗ್ತಾ ಉಂಟಲ್ವಾ ಇದು?"

"ಮುಂದಕ್ಕೇ, ಅಕ್ಕ."

ಚಿಕ್ಕಮ್ಮ ಏಳುವ ಹಾಗೆ ಕಾಣಲಿಲ್ಲ. ಅವ್ವಮ್ಮ ಬಿಸಿ ಅಕ್ಕಿರೊಟ್ಟಿ ತಂದು ಅಲ್ಲೇ ಅವಳ ಕೈಗೆ ಕೊಟ್ಟಳು.