ಕೊಕ್ಕೆ ಹಿಡಿದವನು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನು ಸಿಕ್ಕರೆ ನಾಲ್ಕು ಮಾತು ಬೈಯಬೇಕೆಂದಿದ್ದೇನೆ. ನಾನು ಅರಕಲಗೂಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಸರ್ಜನ್. ಕುತ್ತಿಗೆಯ ಥೈರಾಯ್ಡ್ ಗಡ್ಡೆ ತೆಗೆಯುವುದನ್ನು ನನಗೆ ಕಲಿಸಲು ಬೆಂಗಳೂರಿನಿಂದ ಡಾಕ್ಟರ್ ಗೌರೀಶಂಕರ ಬಿಡಿಗಾಸು ಮುಟ್ಟದೆ ಬಂದು ಹೋಗುತ್ತಿದ್ದರು. ದನಿಯ ನರ ಆ ಗಡ್ಡೆಯ ಪಕ್ಕದಲ್ಲೇ ಹಾದುಹೋಗುತ್ತದೆ, ನೂಲಿನಷ್ಟು ಸಣ್ಣ. ಅದಕ್ಕೆ ಪೆಟ್ಟಾದರೆ ಮಾತು ಹೋಗುತ್ತದೆ, ಉಸಿರೂ ಕಟ್ಟಬಹುದು. ಅವರು ಮಾಡುವುದನ್ನು ಬೇಕಾದಷ್ಟು ನೋಡಿದ್ದೆ. ಅವರ ಕೊನೆಯ ಭೇಟಿಯಲ್ಲಿ ನಾನೇ ಮಾಡುವುದು, ಅವರು ಪಕ್ಕದಲ್ಲಿ ನಿಂತು ತಿದ್ದುವುದು ಎಂದು ಮಾತಾಗಿತ್ತು.

ಆ ದಿನದ ರೋಗಿ ಬೆಟ್ಟಮ್ಮ. ಆಪರೇಷನ್ ಮಾಡುವವನು ನಾನು, ಅದೂ ಮೊದಲ ಸಲ ಎಂದು ಗೌರೀಶಂಕರ ಇದ್ದದ್ದನ್ನು ಇದ್ದ ಹಾಗೆ ಗಂಡ ಹೆಂಡತಿ ಇಬ್ಬರಿಗೂ ಹೇಳಿಬಿಟ್ಟರು. ಗಂಡ ರಾಮಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಇವ್ರಾ? ಕೊಣನೂರು ಸಂತೇಲಿ ಅಪ್ಪನ್ ಜೊತೆ ಬೆಲ್ಲ ತೂಗ್ತಿದ್ದೋರು ಕಣ್ ಸಾ ಇವ್ರು! ಕಲಿಯಾಕೆ ನನ್ ಎಂಡ್ರು ಕುತ್ಗೇನೇ ಬೇಕಾ? ನೀವು ಮಾಡಂಗಿದ್ರೆ ಮಾಡಿ, ಇಲ್ದಿದ್ರೆ ಕರ್ಕೊಂಡ್ ಓಯ್ತೀನಿ.”

ಬೆಟ್ಟಮ್ಮನೂ ತಲೆಯಾಡಿಸಿದರು. ರೋಗಿಯೇ ಒಪ್ಪದಿದ್ದರೆ ಯಾರೇನು ಮಾಡಲಾದೀತು? ಗೌರೀಶಂಕರರೇ ಆಪರೇಷನ್ ಮಾಡಿದರು. ನಾನು ಎಂದಿನಂತೆ, ಗಾಯದ ಅಂಚನ್ನು ಎಳೆದು ಹಿಡಿಯುವ ಕೊಕ್ಕೆ ಹಿಡಿದು ನಿಂತೆ. ಬೆಟ್ಟಮ್ಮ ಚೆನ್ನಾಗಿ ಮಾತಾಡಿಕೊಂಡೇ ಮನೆಗೆ ಹೋದರು. ಗೌರೀಶಂಕರ ಬೇರೆ ಜಿಲ್ಲೆಯವರಿಗೆ ಕಲಿಸಲು ಹೊರಟುಹೋದರು.

ಶುಂಠಿ ಕೀಳುವ ಕಾಲಕ್ಕೆ ರಾಮಣ್ಣ ಮತ್ತೆ ಬಂದ. ಆಟೋದಲ್ಲಿ ಅವನ ಅಕ್ಕ ಕಮಲಾಕ್ಷಮ್ಮ ಮುಂದಕ್ಕೆ ಬಾಗಿ ಕೂತಿದ್ದರು. ಅವರ ಕುತ್ತಿಗೆಯಲ್ಲೂ ಅಂಥದ್ದೇ ಗಡ್ಡೆ, ಇನ್ನೂ ದೊಡ್ಡದು. ಬೆಳಿಗ್ಗೆಯಿಂದ ಇದ್ದಕ್ಕಿದ್ದಂತೆ ಊದಿಕೊಂಡು, ಉಸಿರು ಸಿಳ್ಳೆ ಹಾಕುತ್ತಿತ್ತು. ಆಕ್ಸಿಜನ್ ಹಾಕಿಸಿ, ಹಾಸನಕ್ಕೆ ಕಳಿಸಲು ಆಂಬುಲೆನ್ಸಿಗೆ ಫೋನ್ ಮಾಡಿಸಿದೆ.

ರಾಮಣ್ಣ ನನ್ನ ಕೈ ಹಿಡಿದುಕೊಂಡ. “ಆಸನದ್ ಗಂಟ ಈ ಜೀವ ತಡ್ಯಕಿಲ್ಲ ಸಾ. ನೀವೇ ಕುಯ್ದು ತೆಗ್ದ್‌ಬುಡಿ. ನಾನ್ ಬೇಡ ಅನ್ನಕಿಲ್ಲ.”

“ಇದನ್ನ ಒಂದ್ಸಲಾನೂ ಕೈಯಾರೆ ಮಾಡಿಲ್ಲ ರಾಮಣ್ಣ. ನಂಗ್ ಬರಲ್ಲ.”

“ಬರಕಿಲ್ವಾ? ನನ್ ಎಂಡ್ರಿಗೆ ಮಾಡೋವಾಗ ಒಳ್ಗೇ ಇದ್ರಲ್ಲ! ನಿಂತ್ಕಂಡ್ ಏನ್ ಮಾಡ್ತಿದ್ರಿ ಮತ್ತೆ?”

ಆವತ್ತು ಬೇಡವೆಂದವನು ನೀನೇ ತಾನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನ ಇನ್ನೊಂದು ಕೈ ಅಕ್ಕನ ಬೆನ್ನು ಸವರುತ್ತಲೇ ಇತ್ತು. ಹೇಳಲಾಗಲಿಲ್ಲ.

“ಕೊಕ್ಕೆ ಹಿಡ್ಕೊಂಡಿದ್ದೆ,” ಎಂದೆ.

ಅವನು ನನ್ನ ಕೈ ಬಿಟ್ಟ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ.