ಸೋಣದ ಮೊದಲ ಕಾರು

ಆ ದಿನ ಬೆಳಿಗ್ಗೆ ಮಳೆ ಇರಲಿಲ್ಲ. ಆಟಿ ತಿಂಗಳಿಡೀ ಸುರಿದದ್ದು, ಸೋಣ ಹುಟ್ಟುತ್ತಲೇ ಯಾರೋ ಬಾಗಿಲು ಹಾಕಿಕೊಂಡಂತೆ ನಿಂತುಬಿಟ್ಟಿತ್ತು. ಬಿಸಿಲೇನೋ ಬಂದಿತ್ತು. ಆದರೆ ಉಚ್ಚಿಲದ ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ಪಸೆ ಹಾಗೇ ಇತ್ತು; ಒರೆಸಿದ ಗಾಜು ಎರಡೇ ನಿಮಿಷಕ್ಕೆ ಮಂಕಾಗುತ್ತಿತ್ತು.

"ಏ ಅಂಗಾರ! ನಿನ್ನ ಅಪ್ಪ ತೆಗೆದುಕೊಟ್ಟ ಕಾರಾ ಅದು? ಮೆಲ್ಲ ಉಜ್ಜು, ಬೇವರ್ಸಿ!"

ನಮ್ಮ ಧಣಿ ಸರ್ವೋತ್ತಮ ಕುರ್ಚಿಯಿಂದಲೇ ಕೂಗಿದರು. ನಾನು ಉಜ್ಜುತ್ತಿರಲಿಲ್ಲ. ನೊರೆ ಬಿಟ್ಟು ಅದು ತಾನಾಗಿ ಇಳಿಯುವುದನ್ನು ನೋಡುತ್ತಿದ್ದೆ. ಆದರೂ "ಆಯ್ತು ಧಣಿ" ಎಂದೆ. ಆ ದಿನ ಯಾವ ಬೈಗುಳವೂ ನನಗೆ ತಾಗುವಂತಿರಲಿಲ್ಲ.

ಆಟಿ ಶುಭವಲ್ಲವೆಂದು ನಮ್ಮ ಕಡೆ ಯಾರೂ ಆಗ ಹೊಸ ಕಾರನ್ನು ಮನೆಗೆ ತರುವುದಿಲ್ಲ. ಸೋಣ ಬಂದ ಮೇಲೆ ಶೋರೂಮಿನಿಂದ ನೇರ ಹೆದ್ದಾರಿ ಬದಿಯ ನಮ್ಮ ಅಂಗಡಿಗೆ ಬರುತ್ತವೆ. ತೊಳೆದು, ಬಣ್ಣದ ಮೈಯನ್ನು ಹದ ಮಾಡಿ, ಅದರ ಮೇಲೆ ಬಣ್ಣ ಕಾಯುವ ಸೀಲಂಟ್, ಸೀಲಂಟಿನ ಮೇಲೆ ವ್ಯಾಕ್ಸ್ ಹಚ್ಚಿ ಕೊಡುವುದು ನಮ್ಮ ಕಸುಬು. ಹದ ಮಾಡುವವನು ನಾನು. ಹಚ್ಚುವವನು ಯೋಗೀಶ. ಹಚ್ಚುವ ಕೆಲಸಕ್ಕೆ ನಾವು ಕೊನೆಯ ಕೈ ಎನ್ನುತ್ತೇವೆ. ಕೊನೆಯ ಕೈ ಯಾರದ್ದೋ ಅವನೇ ಕೀ ಹಿಡಿದು ಕಾರಿನ ಯಜಮಾನರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ.

ಯೋಗೀಶ ಬೋಟಿನ ಕೆಲಸ ಬಿಟ್ಟು ಬಂದು ಒಂದೂವರೆ ವರ್ಷ. ನನಗೆ ಇಲ್ಲಿ ಆರು ವರ್ಷ. ಅವನಿಗೆ ಅಂಗಡಿಯ ಹೆಸರಿರುವ ಕಪ್ಪು ಟೀ ಶರ್ಟು ಉಂಟು, ನನಗೆ ಇಲ್ಲ. ಅವನು ಒಳಗಿನ ಮೇಜಿನಲ್ಲಿ ಊಟ ಮಾಡುತ್ತಾನೆ, ನಾನು ಪಂಪಿನ ಶೆಡ್ಡಿನ ಹತ್ತಿರ ಕುಕ್ಕರುಗಾಲಲ್ಲಿ. ಅವನು "ಸರ್ವೋತ್ತಮಣ್ಣ" ಎನ್ನುತ್ತಾನೆ, ನಾನು "ಧಣಿ" ಎನ್ನುತ್ತೇನೆ. ಟೀ ಶರ್ಟಿಗಿಂತ ಹೆಚ್ಚು ನನ್ನನ್ನು ಸುಟ್ಟದ್ದು ಆ "ಅಣ್ಣ". ಬೆಳಿಗ್ಗೆ ದೀಪವಿಟ್ಟು ದೈವಕ್ಕೆ ಕೈಮುಗಿಯುವಾಗ ಒಬ್ಬೊಬ್ಬರ ಹೆಸರು ಹೇಳಿ ಒಳ್ಳೆಯದಾಗಲಿ ಎನ್ನುವುದು ನನ್ನ ತಾಯಿ ಕಲಿಸಿದ ರೂಢಿ. ಯೋಗೀಶನ ಹೆಸರು ಬರುವ ಹೊತ್ತಿಗೆ ಬತ್ತಿ ಸರಿಮಾಡುವ ನೆಪ ಹಿಡಿದು ಎದ್ದುಬಿಡುತ್ತೇನೆ.

ಆಟಿಯಲ್ಲಿ ಅವನು ಮಲೇರಿಯ ಹಿಡಿದು ಮಲಗಿದ್ದಾಗ ನಾಲ್ಕು ಹಳೆ ಕಾರಿಗೆ ಕೊನೆಯ ಕೈ ನಾನೇ ಹಚ್ಚಿದೆ. ಒಂದೂ ತಿರುಗಿ ಬರಲಿಲ್ಲ. ಧಣಿ ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿ ಹೇಳಿದ್ದರು: "ಕೈ ಒಳ್ಳೆದುಂಟು ನಿಂದು. ಸೋಣದ ಮೊದಲ ಕಾರಿಗೆ ಕೊನೆಯ ಕೈ ನಿನಗೇ. ನಾನು ಕೊಟ್ಟ ಮಾತು."

ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ನಳಿನಾಕ್ಷಿ ಮೀನು ಕೊಯ್ಯುತ್ತಾ ತಲೆ ಎತ್ತಲಿಲ್ಲ. "ಫೋಟೋ ತನ್ನಿ. ಮತ್ತೆ ನಂಬುತ್ತೇನೆ" ಎಂದಳು.

ಕಾರು ಅಬುಧಾಬಿಯಿಂದ ರಜೆಗೆ ಬಂದ ಪ್ರಖ್ಯಾತನದ್ದು. ಬಾವಿಯ ತಳದ ನೀರಿನಂಥ ಕಪ್ಪು ನೀಲಿ. ಹೊಸ ಕಾರಿನಲ್ಲಿ ಎಂತ ಕೊಳೆ ಎಂದು ಎಲ್ಲರೂ ಕೇಳುತ್ತಾರೆ. ರೈಲಿನಲ್ಲಿ, ಲಾರಿಯಲ್ಲಿ, ಶೋರೂಮಿನ ಹಿಂದಿನ ಬಯಲಲ್ಲಿ ನೆನೆದು ಬಂದದ್ದು. ಕೊಳೆ ಉಂಟು, ಕಣ್ಣಿಗೆ ಕಾಣುವುದಿಲ್ಲ. ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈ ತೂರಿಸಿ ಬಣ್ಣದ ಮೇಲೆ ಎಳೆದರೆ ಬೆರಳಿಗೆ ರವೆಯ ಹಾಗೆ ಸಿಗುತ್ತದೆ. ಆಮೇಲೆ ಕ್ಲೇ, ಚಪಾತಿ ಹಿಟ್ಟಿನಂಥ ಮುದ್ದೆ. ಸೋಪಿನ ನೀರು ಚಿಮುಕಿಸಿ ಅದನ್ನು ಜಾರಿಸುತ್ತಾ ಹೋಗಬೇಕು. ಒತ್ತಬಾರದು. ಗರಗರ ನಿಲ್ಲುವವರೆಗೆ ಅಂಗೈಯೇ ಕಿವಿ.

ಈ ಕಾರಿಗೆ ಫಿಲ್ಟರಿನ ನೀರು. ನಮ್ಮ ಕಾಲನಿಯ ಬಾವಿಯಲ್ಲಿ ಮಾರ್ಚಿ ಬಂದರೆ ಉಪ್ಪು. ಇದರ ಮೈಗೆ ಒರೆಸುವ ಬಟ್ಟೆಯ ಅಂಚಿನ ಹೊಲಿಗೆಯೂ ತಾಗಬಾರದು. ಅಂಥ ಬಟ್ಟೆಯಲ್ಲಿ ನಾನು ಒಮ್ಮೆಯೂ ಮುಖ ಒರೆಸಿಕೊಂಡವನಲ್ಲ. ಒಂದು ಕಾರಿನ ಮೇಲೆ ಮನುಷ್ಯನಿಗೆ ಹೊಟ್ಟೆಕಿಚ್ಚಾಗುವುದುಂಟಾ? ಉಂಟು. ಆದರೆ ಆ ದಿನ ಅದರ ಮೇಲೂ ಸ್ವಲ್ಪ ಪ್ರೀತಿಯಿತ್ತು.

"ಇವತ್ತು ನೀನೇ ಮದುಮಗ ಅಲ್ವಾ ಮಾರಾಯ" ಎಂದ ಯೋಗೀಶ, ಬಾಗಿಲಿಗೆ ಒರಗಿ. "ಪೌಡರ್ ಹಾಕಿ ಬಂದಿದ್ದೀಯಲ್ಲ!"

ಹಾಕಿದ್ದೆ.

ಹನ್ನೊಂದರ ಹೊತ್ತಿಗೆ ಮೈಯಿಡೀ ಸ್ಪಿರಿಟ್ ಒರೆಸಿ ಮುಗಿಸಿದೆ. ಅದಾದ ಮೇಲೆ ಬಣ್ಣ ಬೆತ್ತಲೆ. ಬರಿಗೈ ತಾಗಬಾರದು, ಕೈಯ ಎಣ್ಣೆ ಕೂತಲ್ಲಿ ಸೀಲಂಟ್ ಹಿಡಿಯುವುದಿಲ್ಲ. ಗ್ಲೌಸ್ ಬದಲಿಸಿ ಸೀಲಂಟ್ ಡಬ್ಬದ ಮುಚ್ಚಳ ತೆಗೆಯುವಾಗ ರಿಕ್ಷಾದಿಂದ ಪ್ರಖ್ಯಾತ ಮತ್ತು ಅವನ ತಾಯಿ ಗುಣವತಿಯಮ್ಮ ಇಳಿದರು. ಅವರ ಕೈಯಲ್ಲಿ ಹರಿವಾಣ: ತೆಂಗಿನಕಾಯಿ, ಕುಂಕುಮ, ಬಾಳೆಹಣ್ಣು, ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆ.

"ಇನ್ನು ಹಚ್ಚುವುದು ಯಾರು?" ಎಂದು ಕೇಳಿದರು.

"ಇವನೇ ಅಕ್ಕ. ಕೈ ಒಳ್ಳೆದುಂಟು ಇವನದ್ದು" ಎಂದರು ಧಣಿ.

ಗುಣವತಿಯಮ್ಮ ನನ್ನನ್ನು ನೋಡಿದರು. ನೋಡಿದ್ದು ಮುಖವನ್ನಲ್ಲ. "ಸರ್ವೋತ್ತಮ, ನಿನಗೆ ಮಂಡೆ ಸಮ ಉಂಟಾ? ನೇಮಕ್ಕೆ ದೈವದ ಭಂಡಾರ, ಆಯುಧ ಆಭರಣ ಎಲ್ಲ, ಇದರಲ್ಲೇ ಹೋಗುವುದು. ತೊಳೆಯುವುದೆಲ್ಲ ತೊಳೆಯಲಿ, ಅದು ಅವರ ಕೆಲಸ. ಕಡೆಗೆ ಹಚ್ಚುವವ ಶುದ್ಧ ಇದ್ದವ ಬೇಕು."

ಆ ದೈವಕ್ಕೆ ನಾನೂ ಕೈಮುಗಿಯುತ್ತೇನೆ, ದೂರ ಗದ್ದೆಯ ಬದುವಿನಲ್ಲಿ ನಿಂತು.

"ಅಮ್ಮ ಹೇಳಿದ ಹಾಗೆ ಮಾಡಿ. ಹನ್ನೆರಡರ ಒಳಗೆ ಹೊರಡಬೇಕು" ಎಂದ ಪ್ರಖ್ಯಾತ, ಮೊಬೈಲಿನಿಂದ ಕಣ್ಣು ತೆಗೆಯದೆ.

"ಯೋಗೀಶ, ನೀನೇ ಹಚ್ಚು" ಎಂದರು ಧಣಿ. "ಅಂಗಾರ, ಹಿಂದೆ ಹೋಗು. ಆ ಜೀಪಿನ ಮ್ಯಾಟ್ ತೊಳಿ."

"ಧಣಿ, ನೀವು ಮಾತು—"

"ಮಾತಾ? ನಾಯಿಗೆ ಕೊಟ್ಟ ಮಾತಾ? ಹೋಗ್ತೀಯಾ, ಇಲ್ಲ ಅಂಡಿಗೆ ಎರಡು ಕೊಡಬೇಕಾ?"

ಯೋಗೀಶ ನನ್ನ ಕೈಯಿಂದ ಹಚ್ಚುವ ಪ್ಯಾಡ್ ತೆಗೆದುಕೊಂಡ. ನನ್ನನ್ನು ನೋಡಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಹೊರಟವನು ತಿರುಗಿ ನೋಡಿದಾಗ ಗುಣವತಿಯಮ್ಮ ಕುಂಕುಮಕ್ಕೆ ನೀರು ಬೆರೆಸಿ ಬಾನೆಟ್ಟಿನ ಕಡೆಗೆ ಬೆರಳು ಚಾಚಿದ್ದರು. ನಾಲ್ಕು ಗಂಟೆ ಹೊತ್ತಿನ ನನ್ನ ಕೆಲಸ. ಬಾಯಿ ತಾನಾಗಿ ಆಡಿತು: "ಅಮ್ಮ, ಈಗ ಅದನ್ನು ಮುಟ್ಟಬಾರದು."

ಗುಣವತಿಯಮ್ಮ ಬೆರಳು ಹಿಂದಕ್ಕೆಳೆದು ನನ್ನ ಕಡೆ ತಿರುಗಿದರು.

"ಎಂತ ಹೇಳಿದಿ? ನಾನು ಮುಟ್ಟಬಾರದಾ? ನೀನು ಹೇಳುವುದಾ, ನನಗೆ?"

ಒದ್ದೆ ಬಟ್ಟೆಯೊಂದು ಬಂದು ನನ್ನ ಕಿವಿಗೆ ಬಡಿಯಿತು. ಧಣಿ ಎಸೆದದ್ದು. "ಬಾಯಿ ಮುಚ್ಚು, ರಂಡೆ ಮಗನೆ!"

ಗುಣವತಿಯಮ್ಮ ಬಾನೆಟ್ಟಿನ ನಡುವೆ ಅಗಲವಾಗಿ ಸ್ವಸ್ತಿಕ ಬರೆದರು. ಕಾಯಿ ಒಡೆದು ನೀರು ಚಿಮುಕಿಸಿದರು. ಬಾಳೆಹಣ್ಣನ್ನು ಯೋಗೀಶನ ಬೊಗಸೆಗೆ ಹಾಕಿದರು. ನನಗೆ ಕಾಯಿಯ ಚೂರೊಂದನ್ನು ದೂರದಿಂದಲೇ ಬಿಸಾಡಿದರು. ಅದು ಒದ್ದೆ ಸಿಮೆಂಟಿನ ಮೇಲೆ ಬಿತ್ತು. ಹೆಕ್ಕಿ, ತೊಳೆದು, ಕಣ್ಣಿಗೊತ್ತಿಕೊಂಡು ತಿಂದೆ. ಪ್ರಸಾದದ ತಪ್ಪೇನಿಲ್ಲವಲ್ಲ.

ಮ್ಯಾಟ್ ತೊಳೆಯುವಲ್ಲಿಂದಲೇ ನೋಡುತ್ತಿದ್ದೆ. ಯೋಗೀಶ ಒಣ ಬಟ್ಟೆಯಲ್ಲಿ ಕುಂಕುಮ ಒರೆಸಿದ. ಪೇಟೆಯ ಕುಂಕುಮ, ಒಳಗೆ ಎಂಥೆಂಥ ಹುಡಿಯೋ. ಬಾನೆಟ್ಟಿಡೀ ಕೆಂಪು ಹರಡಿತು. ಲೈಟು ಹಿಡಿದಾಗ ಕೆಂಪಿನ ಕೆಳಗೆ ಜೇಡರ ಬಲೆಯಂಥ ಗೀರುಗಳು.

"ಎಂತ ಮಾಡಿದಿ ಮಾರಾಯ!" ಎಂದರು ಧಣಿ.

ನಾನಾಗಿದ್ದರೆ ಬೈಯಲು ನನ್ನ ತಾಯಿಯನ್ನು ಸುಡುಗಾಡಿನಿಂದ ಎಬ್ಬಿಸಿ ತರುತ್ತಿದ್ದರು. ಅವನಿಗೆ ಮಾರಾಯ. ಆದರೂ ನನಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಹಬ್ಬದ ಊಟ ಉಂಡಷ್ಟು ಸಂತೋಷವಾಯಿತು.

ಧಣಿ ತಾವೇ ಹಿಂದಕ್ಕೆ ಬಂದರು. "ಅಂಗಾರ, ಒಮ್ಮೆ ಬಂದು ನೋಡು ಮಾರಾಯ."

ಆರು ವರ್ಷದಲ್ಲಿ ಮೊದಲ ಸಲ, ಧಣಿಯ ಬಾಯಲ್ಲಿ ನನಗೂ ಮಾರಾಯ.

"ಪೈಪು ಬಿಟ್ಟು ತೆಗೆಯಾ ಅದನ್ನು" ಎಂದರು.

"ನೀರು ಬಿಟ್ಟರೆ ಕುಂಕುಮ ಚರಂಡಿಗೆ ಹೋಗುತ್ತದೆ ಧಣಿ."

"ಅಯ್ಯೋ ಬೇಡ!" ಎಂದರು ಗುಣವತಿಯಮ್ಮ. "ದೇವರ ಹೆಸರಿನಲ್ಲಿ ಹಚ್ಚಿದ್ದು."

ಡಬ್ಬದಿಂದ ಹೊಸ ಕ್ಲೇ ತೆಗೆದೆ. ನಾಲ್ಕು ಹನಿ ಚಿಮುಕಿಸಿ ಬೆರಳಗಲ ಬೆರಳಗಲ ಜಾರಿಸಿದೆ. ಮುದ್ದೆ ಕೆಂಪಾಗುತ್ತಾ ಬಂತು, ಮಡಚಿದೆ, ಮತ್ತೆ ಜಾರಿಸಿದೆ. ಗೀರುಗಳನ್ನು ಕೈಯಲ್ಲೇ ಪಾಲಿಶ್ ತಿಕ್ಕಿ ಅಳಿಸಿದೆ. ಸ್ಪಿರಿಟ್ ಒರೆಸಿದೆ. ಯೋಗೀಶ ಪಕ್ಕದಲ್ಲಿ ನಿಂತು ಲೈಟು ಹಿಡಿದ. ಬಾನೆಟ್ಟು ಪುನಃ ಬಾವಿಯ ನೀರಾಯಿತು.

"ಸಾಕು" ಎಂದರು ಧಣಿ. "ಯೋಗೀಶ, ಬಾ, ಹಚ್ಚು. ಬೇಗ."

ನಾನು ಎರಡೂ ಕೈಯ ಗ್ಲೌಸ್ ಕಳಚಿದೆ. ಕೆಂಪು ಮುದ್ದೆಯನ್ನು ಬರಿ ಅಂಗೈಯಲ್ಲಿಟ್ಟುಕೊಂಡು ಗುಣವತಿಯಮ್ಮನ ಎದುರು ಹೋಗಿ ನಿಂತೆ.

"ಅಮ್ಮ, ನಿಮ್ಮ ಕುಂಕುಮ."

"ಅಲ್ಲಿ ಇಡು."

"ಕುಂಕುಮವನ್ನು ನೆಲಕ್ಕೆ ಇಡುವುದುಂಟಾ ಅಮ್ಮ?"

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬೆನ್ನಿಗೆ ಕಾರಿನ ಬಾಗಿಲು ತಾಗೀತೆಂದು ಪ್ರಖ್ಯಾತ "ಅಮ್ಮ, ಪೈಂಟ್!" ಎಂದು ಕೂಗಿದ. ಅವರು ಅಲ್ಲೇ ನಿಂತರು.

"ಯೋಗೀಶನ ಹತ್ತಿರ ಕೊಡು. ಅವನು ಕೊಡ್ತಾನೆ."

ಯೋಗೀಶ ನನ್ನನ್ನು ನೋಡಿದ. ಪ್ಯಾಡನ್ನು ಡಬ್ಬದ ಮೇಲೆ ಇಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಧಣಿ ಬೈದರೂ ಬಿಚ್ಚಲಿಲ್ಲ. ಹಾಗೆ ಕೈಕಟ್ಟಿ ನಿಲ್ಲುವುದು ಅವನಿಗೆ ಸಾಧ್ಯವಾಯಿತಲ್ಲ ಎಂದು, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

"ತೆಗೊಳ್ಳಿ ಅಮ್ಮ, ಹನ್ನೆರಡಾಗ್ತದೆ" ಎಂದ ಪ್ರಖ್ಯಾತ.

ಅವರು ಸೆರಗು ಚಾಚಿದರು. ನಾನು ಹಾಕಲಿಲ್ಲ. ಹರಿವಾಣ ಚಾಚಿದರು. ಹಾಕಲಿಲ್ಲ. ಅಂಗೈ ತೆರೆದುಕೊಂಡೇ ನಿಂತೆ, ಅವರ ಮುಖ ನೋಡುತ್ತಾ. ಬೆವರಿಗೆ ಕುಂಕುಮ ಕರಗಿ ನನ್ನ ಕೈಯ ಗೆರೆಗಳಿಗೆ ಇಳಿಯುತ್ತಿತ್ತು.

ಕೊನೆಗೆ ಗುಣವತಿಯಮ್ಮ ಬಲಗೈ ಮುಂದೆ ತಂದರು. ನಾನು ಅದರ ಕೆಳಗೆ ನನ್ನ ಎಡಗೈ ಹಿಡಿದು, ಅವರದ್ದನ್ನು ಅವರ ಅಂಗೈಯಲ್ಲಿ ಮೆತ್ತಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದೆ.